ಮಣೆಯ ಮೇಲಿನ ಕಲ್ಲು

ಹೊಳೆ ದಂಡೆಯ ಮಠದಲ್ಲಿ ರುದ್ರಮುನಿ ಪಂಡಿತರು ಮದ್ದು ಕೊಡುತ್ತಿದ್ದರು. ಅಡುಗೆಮನೆಯಲ್ಲಿ ಉಣ್ಣಲು ಎರಡೇ ಮಣೆ. ಒಂದು ಅವರದು, ಇನ್ನೊಂದು ಶಿಷ್ಯ ಅಡಿವೆಪ್ಪನದು. ಒಂದು ಸಲಕ್ಕೆ ಒಬ್ಬರಿಗೇ ವಿದ್ಯೆ ಎಂಬುದು ಪಂಡಿತರ ಹಠ.

ಅಂಬಿಗರ ತುಂಗವ್ವನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಬದುಕುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ನೋವಿಲ್ಲದೆ ಕಣ್ಣು ಮುಚ್ಚಲಿ ಎಂದು ಪಂಡಿತರು ದಿನಾ ಕರಿ ಲೇಹ್ಯ ಕಳಿಸುತ್ತಿದ್ದರು. ಒಯ್ದು ಕೊಡುವುದು ಅಡಿವೆಪ್ಪನ ಕೆಲಸ.

ಒಂದು ಮಧ್ಯಾಹ್ನ ಅವನು ಏದುಸಿರು ಬಿಡುತ್ತ ಬಂದ.

"ಅಜ್ಜಾರ, ಲೇಹ್ಯ ಕೆಲಸ ಮಾಡವಲ್ದು. ಎರಡು ಪಟ್ಟು ಕೊಟ್ಟೆ. ಆಕಿ ಒದ್ದಾಡಾಕ ಹತ್ಯಾಳ. ಲೇಹ್ಯದ ಸತ್ವ ಹೋಗೇತೇನೋ."

ಪಂಡಿತರು ಅವನ ಮುಖ ನೋಡಿದರು. ಬೇರು ಅರೆಯುವ ಗುಂಡುಕಲ್ಲನ್ನು ಎತ್ತಿ ತಂದು ಅವನ ಮಣೆಯ ಮೇಲಿಟ್ಟರು.

"ಕೂಡು."

"ಹ್ಯಾಂಗ ಕೂಡ್ಲಿ? ಕಲ್ಲೈತಲ್ರಿ."

"ಕಲ್ಲು ಉಣ್ಣತೈತೇನು?"

"ಇಲ್ರಿ."

"ನಿನಗರ ಜಾಗ ಬಿಡತೈತೇನು?"

"ಇಲ್ರಿ."

"ಮದ್ದಿಗೂ ಮೈಯಾಗ ಒಂದು ಮಣೆ ಇರತೈತಿ. ಅದರ ಮ್ಯಾಲ ಕುಂತರ ಮಾತ್ರ ಅದರ ಕೆಲಸ. ತುಂಗವ್ವನ ಮೈಯಾಗ ಆ ಮಣೆ ಮ್ಯಾಲ ಏನಿಟ್ಟಿ?"

ಗುರುವನ್ನು ಮೀರಿಸಿದ ಶಿಷ್ಯ ಎನಿಸಿಕೊಳ್ಳುವ ಚಪಲ ಅಡಿವೆಪ್ಪನಿಗೆ ಬಹಳ ದಿನದಿಂದ ಇತ್ತು.

"ನಾನ ಮಾಡಿದ ಗುಳಿಗಿ," ಎಂದ. "ಲೇಹ್ಯದ್ದ ವಾಸನಿ, ಅದ ಕಹಿ ಇರೋ ಬೇರು ಸಿಕ್ಕಿತ್ತು. ಲೇಹ್ಯ ಬಿಡಿಸಿ ಎರಡು ದಿನ ಅದನ್ನ ಕೊಟ್ಟೆ. ನೋವು ಹೆಚ್ಚಾತು ಅಂತ ಇವತ್ತ ತಿರುಗಿ ಲೇಹ್ಯ ಕೊಟ್ಟೆ."

"ಆ ಬೇರು ಬರೇ ಕೂಡತೈತಿ. ಏನೂ ಮಾಡಂಗಿಲ್ಲ."

"ಅದನ್ನ ಎಬ್ಬಿಸೋದು ಹ್ಯಾಂಗ್ರಿ?"

ಪಂಡಿತರು ಗುಂಡುಕಲ್ಲನ್ನು ಕೆಳಗೆ ಉರುಳಿಸಿದರು.

"ಇದನ್ನ ಹಿಂಗ ತಗೀಬಹುದು. ಅದು ತಾನ ಏಳಬೇಕು. ಮೂರು ದಿನ ಬೇಕು."

ತುಂಗವ್ವ ಎರಡನೆಯ ದಿನ ಸತ್ತಳು. ಅಲ್ಲಿಯವರೆಗೆ ಅವಳ ಕೂಗು ಆಚೆ ದಂಡೆಗೂ ಕೇಳುತ್ತಿತ್ತು. ಮಗಳು ಕಾಶವ್ವ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಡಿವೆಪ್ಪ ಕಾಲ ಬಳಿ ಕುಳಿತಿದ್ದ. ಕೊನೆಗೊಮ್ಮೆ ಮುದುಕಿ ಅವನನ್ನು ಗುರುತಿಸಿದಳು.

"ಇದು ಇನ್ನೂ ಛಲೋ ಮದ್ದು ಅಂದಿದ್ದೆಲ್ಲೋ ತಮ್ಮಾ," ಎಂದಳು.

ಮಣ್ಣು ಮಾಡಿ ಬಂದವನೇ ಅವನು ಪಂಡಿತರ ಕಾಲು ಹಿಡಿದ.

"ಏನರ ಶಿಕ್ಷಾ ಕೊಡ್ರಿ ಅಜ್ಜಾರ. ಮಠ ಬಿಟ್ಟು ಹೋಗು ಅಂತ ಮಾತ್ರ ಅನಬ್ಯಾಡ್ರಿ."

ಪಂಡಿತರು ಗೋಡೆಗೆ ಒರಗಿಸಿಟ್ಟ ಎರಡು ಮಣೆಗಳನ್ನು ನೋಡಿದರು.

"ಹ್ವಾದ ವರ್ಷ ತುಂಗವ್ವ ಕಾಶವ್ವನ್ನ ಕರಕೊಂಡು ಬಂದಿದ್ಲು, ಈಕಿಗೆ ನಿಮ್ಮ ವಿದ್ಯಾ ಕಲಸ್ರಿ ಅಂತ," ಎಂದರು. "ಮಣೆ ಖಾಲಿ ಇಲ್ಲವ್ವಾ ಅಂತ ಹೇಳಿ ಕಳಿಸಿದೆ."