ಅತ್ತಿಗೆಂಪು ಕಂಬಳಿ

ಒಂದಾನೊಂದು ಊರಿನಲ್ಲಿ ಬರೀ ಮಧ್ಯಾಹ್ನ ಇತ್ತು. ಬೆಳಿಗ್ಗೆ ಇರಲಿಲ್ಲ, ರಾತ್ರಿ ಇರಲಿಲ್ಲ. ಊಟ ಮುಗಿಸಿ ಕೂತಾಗ ಕಣ್ಣು ಎಳೆಯುತ್ತದಲ್ಲ, ಆ ಹೊತ್ತು ಒಮ್ಮೆ ಅಲ್ಲಿಗೆ ಬಂದು, ಜಾಗ ಹಿಡಿಸಿ, ಅಲ್ಲೇ ಉಳಿದುಬಿಟ್ಟಿತ್ತು. ಎದ್ದು ಹೋಗದಿರಲಿ ಅಂತ ಊರಿನವರು ಅದನ್ನು ಹಗ್ಗ ಹಾಕಿ ಸಿಂಹಾಸನದ ಕಾಲಿಗೆ ಕಟ್ಟಿದ್ದರು. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ಕತೆಗೂ ಕಣ್ಣು ಎಳೆಯುತ್ತದೆ.

ಆ ಊರಿನ ರಾಜ ತಂಪರಾಯ. ಹುಟ್ಟಿದಾಗಿನಿಂದ ಒಮ್ಮೆಯೂ ಬೆವರಿದವನಲ್ಲ. ಅವನಿಗೆ ಅಪ್ಪ ಇರಲಿಲ್ಲ, ಅಮ್ಮ ಇರಲಿಲ್ಲ, ಅಣ್ಣ ಇರಲಿಲ್ಲ, ಅಕ್ಕ ಇರಲಿಲ್ಲ. ಬಿಸಿಲಲ್ಲಿ ನಿಲ್ಲಬೇಡ ಅಂತ ಗದರಿದವರೂ ಇರಲಿಲ್ಲ. ರಾಜನನ್ನು ಯಾರು ಗದರುತ್ತಾರೆ? ಎಲ್ಲರೂ ಕೈಮುಗಿದು ನಿಲ್ಲುತ್ತಿದ್ದರು, ಅವನು ತಣ್ಣಗೆ ಕೂತಿರುತ್ತಿದ್ದ.

ಬೆವರದಿದ್ದರೆ ಏನು ಕಷ್ಟ ಅಂತೀರಿ. ನಿಮಗಿಲ್ಲ, ಅವನಿಗಿತ್ತು. ಆ ಊರಿನ ಸಿಂಹಾಸನ ಹಲಸಿನ ಮರದ್ದು, ಮಾತು ಬರುತ್ತಿತ್ತು, ಬಾಯಾರಿಕೆಯೂ ಆಗುತ್ತಿತ್ತು. ಹುಣ್ಣಿಮೆಗೆ ಒಂದು ತೊಟ್ಟು ರಾಜನ ಬೆವರು ಕೊಡಬೇಕು. ಬೆವರು ಅಂದರೆ ಯಾವುದು ಅಂತ ಕೇಳಿದರೆ ಸಿಂಹಾಸನ ಹೇಳುತ್ತಿತ್ತು, "ಮೈಯಿಂದ ಬರಬೇಕು. ಉಪ್ಪಾಗಿರಬೇಕು. ತಾನಾಗಿ ಬರಬೇಕು." ಇಷ್ಟೇ ಕಾನೂನು.

ತಂಪರಾಯ ಏನು ಮಾಡುತ್ತಿದ್ದ ಗೊತ್ತಾ? ನೀರುಮಜ್ಜಿಗೆಗೆ ಉಪ್ಪು ಹಾಕಿ, ಹಣೆಗೆ ಹಚ್ಚಿಕೊಂಡು, ಅದನ್ನೇ ಚಮಚಕ್ಕೆ ಇಳಿಸುತ್ತಿದ್ದ. ಹನ್ನೆರಡು ವರ್ಷ ನಡೆಯಿತು. ಒಂದು ಹುಣ್ಣಿಮೆಗೆ ಸಿಂಹಾಸನ ಚಪ್ಪರಿಸಿ ನಿಲ್ಲಿಸಿತು.

"ತಂಪರಾಯ, ಬೆವರಲ್ಲಿ ಕರಿಬೇವಿನ ಎಲೆ ಎಲ್ಲಿಂದ ಬಂತು?"

ರಾಜ ಹಣೆ ಒರೆಸಿಕೊಂಡ.

"ಮುಂದಿನ ಹುಣ್ಣಿಮೆಗೆ ನಿಜವಾದ ತೊಟ್ಟು ಬರದಿದ್ದರೆ ನಾನು ಎದ್ದು ಹೋಗ್ತೀನಿ," ಅಂದಿತು ಸಿಂಹಾಸನ.

ಅದು ಹೋದರೆ ಕಾಲಿಗೆ ಕಟ್ಟಿದ ಮಧ್ಯಾಹ್ನವೂ ಹೋಗುತ್ತದೆ. ಮಧ್ಯಾಹ್ನ ಹೋದರೆ ಊರಿಗೆ ಇರಲು ಹೊತ್ತೇ ಇಲ್ಲ. ರಾಜನಿಗೆ ಭಯವಾಯಿತು. ಭಯವಾದರೂ ಬೆವರಲಿಲ್ಲ.

ಊರಿನ ಪಂಡಿತರು ಬಂದು ನಾಡಿ ಹಿಡಿದರು. "ಪ್ರಭು, ಪರದೇಶದಲ್ಲಿ ಅತಿಗೆಂಪು ಕಂಬಳಿ ಅಂತ ಇದೆಯಂತೆ. ಕೆಂಪಿಗಿಂತ ಆಚೆ ಇರುವ ಕೆಂಪು. ಕಣ್ಣಿಗೆ ಕಾಣಲ್ಲ, ಮೈಗೆ ಗೊತ್ತಾಗುತ್ತೆ. ಕರೆಂಟಿಗೆ ಹಾಕಿ, ಚೀಲದೊಳಗೆ ಹೋದ ಹಾಗೆ ಹೋಗಿ ಮಲಗಿದರೆ ಬೆವರು ಬರುತ್ತಂತೆ."

ರಾಜ ಡಂಗೂರ ಹೊಡೆಸಿದ. ಸಾರುವವನ ಹೆಸರು ಮಾದಪ್ಪ. ತಪ್ಪು ಅವನದಲ್ಲ, ತಮಟೆಯದು. ಆ ತಮಟೆಗೆ ಒಂದು ಚಾಳಿ. ಯಾವ ಮಾತು ಸಿಕ್ಕಿದರೂ ಅದಕ್ಕೊಂದು ಒತ್ತು ಕೊಟ್ಟೇ ಬಿಡುತ್ತಿತ್ತು. ಮಾದಪ್ಪ "ಅತಿಗೆಂಪು ಕಂಬಳಿ ಬೇಕು" ಅಂದ. ತಮಟೆ ತಕಾರದ ಕೆಳಗೆ ಇನ್ನೊಂದು ತ ಇಟ್ಟು ಬಾರಿಸಿತು. ಊರಿಗೆಲ್ಲ ಕೇಳಿಸಿದ್ದು, "ಅತ್ತಿಗೆಂಪು ಕಂಬಳಿ ಬೇಕು."

ಊರಿನವರು ಜಾಣರು. ಬಿಡಿಸಿ ನೋಡಿದರು. ಅತ್ತಿಗೆ, ಕೆಂಪು. ರಾಜನಿಗೆ ಕೆಂಪು ಅನ್ನೋ ಅತ್ತಿಗೆ ಬೇಕಾಗಿದ್ದಾಳೆ, ಜೊತೆಗೊಂದು ಕಂಬಳಿ. ಊರಲ್ಲಿ ಕೆಂಪು ಅಂತ ಇದ್ದವಳು ಒಬ್ಬಳೇ, ಪುರಿಭಟ್ಟಿಯ ಕೆಂಪಮ್ಮ. ಕಾದ ಮರಳಿನಲ್ಲಿ ಅಕ್ಕಿ ಹುರಿದು ಕಡಲೆಪುರಿ ಮಾಡುವವಳು. ಅವಳಿಗೂ ಯಾರೂ ಇರಲಿಲ್ಲ. ಭಟ್ಟಿ ಒಂದಿತ್ತು. ಅವಳನ್ನೇ ಕರೆತಂದು ರಾಜನ ಮುಂದೆ ನಿಲ್ಲಿಸಿದರು.

"ಕಂಬಳಿ ಎಲ್ಲಮ್ಮ?" ಅಂದ ರಾಜ.

"ಕಂಬಳಿ ಇಲ್ಲ ಬುದ್ಧಿ, ನಾನಿದ್ದೀನಿ," ಅಂದಳು ಕೆಂಪಮ್ಮ.

ಈಗ ತೊಡಕು ನೋಡಿ. ಡಂಗೂರದಲ್ಲಿ ಸಾರಿದ್ದನ್ನು ಹಿಂದಕ್ಕೆ ತಗೊಳ್ಳುವ ಹಾಗಿಲ್ಲ. ಅವಳು ಅತ್ತಿಗೆ ಆಗಲೇಬೇಕು. ಅತ್ತಿಗೆ ಆಗಬೇಕಾದರೆ ಅಣ್ಣ ಬೇಕು. ರಾಜನಿಗೆ ಅಣ್ಣ ಇಲ್ಲ. ಸಭೆ ಯೋಚನೆ ಮಾಡುತ್ತಾ ಮಾಡುತ್ತಾ ತೂಕಡಿಸಿತು. ಆಗ ಸಿಂಹಾಸನ ಕೆಮ್ಮಿತು.

"ಇವನಿಗಿಂತ ನಾನು ಇನ್ನೂರು ವರ್ಷ ದೊಡ್ಡವನು. ಇವನನ್ನ ತೊಡೆ ಮೇಲೆ ಕೂರಿಸಿಕೊಂಡು ಬೆಳೆಸಿದ್ದೀನಿ. ಅಣ್ಣ ಅಲ್ಲದೆ ಮತ್ತೇನು?"

ಎಲ್ಲರೂ ಕೆಂಪಮ್ಮನನ್ನು ನೋಡಿದರು. ಅವಳು ಗಂಡಿನ ಸುತ್ತ ಒಂದು ಸುತ್ತು ಬಂದಳು.

"ಕುಡಿತಾನಾ?"

"ಹುಣ್ಣಿಮೆಗೆ ಒಂದು ತೊಟ್ಟು," ಅಂದರು ಸಭೆಯವರು.

"ಊರೂರು ತಿರುಗ್ತಾನಾ?"

"ನಾಲ್ಕು ಕಾಲಿವೆ, ಇನ್ನೂ ಎದ್ದಿಲ್ಲ."

"ಹಾಗಿದ್ರೆ ಆಗಬಹುದು," ಅಂದಳು. ಮದುವೆ ಆಯಿತು. ಊಟಕ್ಕೆ ಕಡಲೆಪುರಿ ಹಾಕಿಸಿದರು. ಅಣ್ಣನ ಮೇಲೆ ಕೂರುವುದು ಹೇಗೆ ಅಂತ ರಾಜ ಅವತ್ತಿನಿಂದ ನೆಲಕ್ಕೆ ಚಾಪೆ ಹಾಕಿಕೊಂಡ. "ಇನ್ನು ತೊಟ್ಟು ಕೊಡದಿದ್ದರೂ ನಡೆಯುತ್ತಾ ಅಣ್ಣ?" ಅಂತ ಕೇಳಿಯೂ ನೋಡಿದ. "ನಂಟು ಬೇರೆ, ಬಾಯಾರಿಕೆ ಬೇರೆ," ಅಂದಿತು ಸಿಂಹಾಸನ.

ಡಂಗೂರ ಕೇಳಿ ಪರದೇಶದಿಂದ ಮೂರು ಕಂಬಳಿ ತಾವಾಗಿಯೇ ತೆವಳಿಕೊಂಡು ಬಂದವು. ಆರಿಸುವುದಕ್ಕೆ ಕೆಂಪಮ್ಮ ಕೂತಳು.

ಮೊದಲನೆಯದಕ್ಕೆ ಜರಿಯ ಅಂಚು. "ನನ್ನೊಳಗೆ ಮಲಗಿದರೆ ಮಂಡಿನೋವು ಹೋಗುತ್ತೆ, ಬೋಳುತಲೆಗೆ ಕೂದಲು ಬರುತ್ತೆ, ಕಳೆದುಹೋದ ಕೊಡೆ ಸಿಗುತ್ತೆ," ಅಂದಿತು.

"ಇಷ್ಟೆಲ್ಲ ಬರೋ ನೀನು ಕಂಬಳಿ ಯಾಕಾದೆ? ಹೋಗು," ಅಂದಳು ಕೆಂಪಮ್ಮ.

ಎರಡನೆಯದು ಎದೆ ಉಬ್ಬಿಸಿತು. "ರೆಪ್ಪೆ ಬಡಿಯೋದರೊಳಗೆ ಕಾದುಬಿಡ್ತೀನಿ. ನಿಲ್ಲೋದು ನನಗೆ ಗೊತ್ತಿಲ್ಲ." ಕೆಂಪಮ್ಮ ಹತ್ತಿರ ಹೋಗಿ ಮೂಸಿದಳು. ಸುಟ್ಟ ರಬ್ಬರಿನ ವಾಸನೆ. ವೈರಿಗೆ ಎರಡು ಕಡೆ ಟೇಪು ಸುತ್ತಿತ್ತು. ಅದನ್ನೂ ಕಳಿಸಿದಳು.

ಮೂರನೆಯದು ಬೂದಿ ಬಣ್ಣದ್ದು, ನಾಚಿಕೆಯದ್ದು. "ನಾನು ಬೆಚ್ಚಗಾಗ್ತೀನಿ. ಅರ್ಧ ಗಂಟೆಗೆ ನಾನೇ ಆರಿಹೋಗ್ತೀನಿ. ಒಳಗಿನಿಂದಲೂ ಬಿಚ್ಚೋ ಜಿಪ್ಪಿದೆ. ಹೇಗೆ ಬಳಸೋದು ಅಂತ ಜೇಬಲ್ಲಿ ಒಂದು ಚೀಟಿ ಇದೆ. ಅದನ್ನ ಯಾರೂ ಓದಲ್ಲ."

"ಬೇರೇನೂ ಮಾಡಲ್ವಾ?"

"ಇಲ್ಲ."

"ಇದೇ ಇರಲಿ," ಅಂದಳು. ಚೀಟಿ ತೆಗೆದು ಎರಡು ಸಲ ಓದಿದಳು.

ಆಮೇಲೆ ಶುರುವಾಯಿತು ನೋಡಿ ಅತ್ತಿಗೆಯ ದರ್ಬಾರು. "ಎದೆ ಹಿಡಿದುಕೊಳ್ಳುತ್ತಾ? ತಲೆ ಸುತ್ತುತ್ತಾ? ಮಾತ್ರೆ ಗೀತ್ರೆ ತಗೋತೀಯಾ? ಪಂಡಿತರೇ, ಇವನಿಗೆ ಇದು ಆಗುತ್ತೆ ಅಂತ ನೀವು ಬಾಯಿಬಿಟ್ಟು ಹೇಳಿ, ಆಮೇಲೆ ಮಲಗಿಸ್ತೀನಿ." ಪಂಡಿತರು ಆಗುತ್ತೆ ಅಂದರು. "ಉಂಗುರ, ಡಾಬು, ಕಿರೀಟ ಎಲ್ಲ ತೆಗಿ, ಲೋಹ ಕಾದರೆ ಸುಡುತ್ತೆ. ಉದ್ದ ತೋಳಿನ ಹತ್ತಿ ಅಂಗಿ ಹಾಕ್ಕೋ. ಊಟ ಆದ ಕೂಡಲೇ ಬೇಡ. ಮೊದಲು ಎರಡು ಲೋಟ ನೀರು ಕುಡಿ."

"ಬೆವರು ಹೊರಗೆ ಬರಬೇಕು, ನೀವು ನೀರು ಒಳಗೆ ಹಾಕ್ತೀರಲ್ಲ ಅತ್ತಿಗೆ?"

"ಅಕ್ಕಿಗೂ ಉಪ್ಪುನೀರು ಚಿಮುಕಿಸಿಯೇ ಕಾದ ಮರಳಿಗೆ ಹಾಕೋದು ಮೈದುನ. ಒಣಗಿದ್ದನ್ನ ಹಾಕಿದರೆ ಸೀದುಹೋಗುತ್ತೆ."

ಕಂಬಳಿಯೊಳಗೆ ಹತ್ತಿ ಹಾಸು ಹಾಸಿದಳು. ಕಾವು ಸಣ್ಣಗೆ ಇಟ್ಟಳು. ಪಕ್ಕದಲ್ಲೇ ಕೂತು ಒಂದು ಮೊರ ಪುರಿ ಕೇರಿದಳು. ಪುರಿ ಕೇರಿ ಮುಗಿದರೆ ಹದಿನೈದು ನಿಮಿಷ. ಜಿಪ್ಪು ಬಿಚ್ಚಿ ಎಬ್ಬಿಸಿದಳು. ರಾಜ ಬೆಚ್ಚಗಿದ್ದ. ಬೆವರಿರಲಿಲ್ಲ. ಒಂದು ಮಧ್ಯಾಹ್ನ ಬಿಟ್ಟು ಮತ್ತೆ ಮಲಗಿಸಿದಳು. ಬೆಚ್ಚಗಿದ್ದ, ಬೆವರಿರಲಿಲ್ಲ. ಹುಣ್ಣಿಮೆ ಹತ್ತಿರ ಬರುತ್ತಿತ್ತು. ಆ ಊರಿನಲ್ಲಿ ಹುಣ್ಣಿಮೆಯೂ ಮಧ್ಯಾಹ್ನವೇ ಬರಬೇಕು, ಬೇರೆ ಹೊತ್ತೆಲ್ಲಿದೆ?

ಬಂತು. ಚಂದ್ರ ಕಿಟಕಿಯ ಹೊರಗೆ ಬಿಸಿಲಲ್ಲಿ ನಿಂತ. ರಾಜನ ಮನಸ್ಸು ತಡೆಯಲಿಲ್ಲ. "ಅತ್ತಿಗೆ, ಭಟ್ಟಿ ಹತ್ತಿರ ಯಾರೋ ಕರೀತಿದಾರೆ," ಅಂತ ಸುಳ್ಳು ಹೇಳಿ ಕಳಿಸಿದ. ನೀರು ಕುಡಿಯಲಿಲ್ಲ. ಕಾವನ್ನು ತುದಿಯವರೆಗೂ ತಿರುಗಿಸಿ ಒಳಗೆ ಹೋಗಿ ಜಿಪ್ಪು ಎಳೆದುಕೊಂಡ.

ಮೊದಲು ಕಾಲು ಹಗುರವಾಯಿತು. ಆಮೇಲೆ ಕಾಲು ಯಾರದು ಅಂತ ಮರೆತುಹೋಯಿತು. ಮಧ್ಯಾಹ್ನ ಮೆಲ್ಲಗೆ ಒಳಗೆ ಬಂದು ಪಕ್ಕದಲ್ಲಿ ಮಲಗಿತು. ಆ ಮಧ್ಯಾಹ್ನದೊಳಗೆ ಇನ್ನೊಂದು ಊರು. ಆ ಊರಿನಲ್ಲಿ ಇನ್ನೊಬ್ಬ ತಂಪರಾಯ, ಅವನ ಮೇಲೆ ಇನ್ನೊಂದು ಕಂಬಳಿ. ಅದರೊಳಗೆ ಇನ್ನೊಂದು ಊರು, ಇನ್ನೊಬ್ಬ ತಂಪರಾಯ. ಒಬ್ಬನಿಗಿಂತ ಒಬ್ಬ ಚಿಕ್ಕವನು, ಒಬ್ಬನಿಗಿಂತ ಒಬ್ಬ ಒಣಗಿದವನು. ಕೊನೆಯವನು ಒಂದು ಅಕ್ಕಿಕಾಳಿನಷ್ಟಿದ್ದ. ಅವನು ಸಣ್ಣ ದನಿಯಲ್ಲಿ "ನಾನಿನ್ನು ಅರಳಿಬಿಡ್ತೀನಿ, ಯಾರಾದರೂ ಕರೀರಿ" ಅಂತಿದ್ದ. ಕರೆಯುವವರು ಯಾರೂ ಇರಲಿಲ್ಲ. ಸುಖವಾಗಿತ್ತು. ಅದೇ ಅಪಾಯ ಕಣ್ರಪ್ಪ, ಸುಖವಾಗಿತ್ತು.

ಅಷ್ಟರಲ್ಲಿ ಅರ್ಧ ಗಂಟೆ ಆಯಿತು. ಬೂದಿ ಕಂಬಳಿ ಹೇಳಿದ ಮಾತಿನಂತೆ ತಾನೇ ಆರಿತು. ಆರಿ, ನಾಚಿಕೆ ಬಿಟ್ಟು ಕೂಗಿತು, "ಕೆಂಪಮ್ಮಾ."

ಕೆಂಪಮ್ಮ ಜರಡಿ ಬಿಸಾಕಿ ಓಡಿ ಬಂದಳು. ಪ್ಲಗ್ ಕಿತ್ತಳು, ಜಿಪ್ಪು ಬಿಚ್ಚಿದಳು. ರಾಜನ ಮುಖ ಕೆಂಪಗಾಗಿತ್ತು, ತುಟಿಗಳು ಒಣಗಿ ಅಂಟಿಕೊಂಡಿದ್ದವು. ಮೈಯಲ್ಲಿ ಒಂದು ಹನಿ ಇಲ್ಲ. ಥಟ್ಟನೆ ಏಳಲು ಹೋದವನನ್ನು ಹಿಡಿದು ಮಲಗಿಸಿದಳು. ಗಾಳಿ ಬೀಸಿದಳು, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಕಣ್ಣು ನೆಟ್ಟಗಾಗಿ ಮಾತಾಡಿದ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಪಂಡಿತರನ್ನು ಕರೆಸಿದಳು. ಪಂಡಿತರು ನಾಡಿ ನೋಡಿ, ಪ್ರಾಣಕ್ಕೆ ಭಯವಿಲ್ಲ ಅಂದರು.

ಅದೇ ಹೊತ್ತಿಗೆ ಬಾಗಿಲಲ್ಲಿ ಟಕ್ ಟಕ್ ಸದ್ದಾಯಿತು. ಸಿಂಹಾಸನ ಎದ್ದು ಬಂದಿತ್ತು. ಹಗ್ಗದ ತುದಿಯಲ್ಲಿ ಮಧ್ಯಾಹ್ನ ಎಳೆದಾಡುತ್ತಿತ್ತು, ಊರಿನ ಗೋಡೆಗಳು ಆಗಲೇ ಮಸುಕಾಗುತ್ತಿದ್ದವು. "ಹೊತ್ತಾಯ್ತು. ತೊಟ್ಟು ಎಲ್ಲಿ?" ಅಂದಿತು.

ಕೆಂಪಮ್ಮ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಮೈದುನನ ಮೇಲೆ ಹರಿಹಾಯ್ದಳು.

"ಬುದ್ಧಿ ಇದೆಯಾ ನಿನಗೆ? ಪಕ್ಕದಲ್ಲಿ ಯಾರೂ ಇಲ್ಲದೆ ಅದರೊಳಗೆ ಹೋಗ್ತಾರಾ? ಒಂದು ತೊಟ್ಟಿಗೋಸ್ಕರ ಸೀದುಹೋಗ್ತಿದ್ದೆಯಲ್ಲೋ. ಊರು ಹೋದರೆ ಹೋಗಲಿ. ನಿನಗೇನಾದರೂ ಆಗಿದ್ರೆ ನಾನು ಇನ್ಯಾರನ್ನ ಮೈದುನ ಅಂತ ಕರೀಲಿ?"

ತಂಪರಾಯ ಅವಳನ್ನೇ ನೋಡಿದ. ಅವನನ್ನು ಯಾರೂ ಹಾಗೆ ಬೈದಿರಲಿಲ್ಲ. ಎಡಗಣ್ಣಿನ ಮೂಲೆಯಿಂದ ಏನೋ ಇಳಿದು ಗಲ್ಲದವರೆಗೆ ಬಂತು. ಪಂಡಿತರು ತಟ್ಟನೆ ಚಮಚ ಹಿಡಿದರು.

ಸಿಂಹಾಸನ ಚಪ್ಪರಿಸಿತು.

"ಉಪ್ಪಿದೆ."

"ತಾನಾಗಿ ಬಂತು, ನಾವೇ ನೋಡಿದ್ದೀವಿ," ಅಂದರು ಪಂಡಿತರು.

"ಬಂದಿದ್ದು ಕಣ್ಣಿಂದ," ಅಂದಿತು ಸಿಂಹಾಸನ, ಅನುಮಾನದಿಂದ.

"ಕಣ್ಣೇನು ಮೈಯಲ್ಲಿಲ್ವಾ?" ಅಂತ ಕೆಂಪಮ್ಮ ಗಂಡನನ್ನೂ ಗದರಿದಳು. "ಕೂತ್ಕೋ ಅಲ್ಲೇ."

ಸಿಂಹಾಸನ ಅಲ್ಲೇ, ಬಾಗಿಲಿಗೆ ಅಡ್ಡವಾಗಿ, ಕೂತುಬಿಟ್ಟಿತು. ಮಧ್ಯಾಹ್ನ ತಿರುಗಿ ಬಂದು ಅದರ ಕಾಲಬುಡದಲ್ಲಿ ಮಲಗಿತು. ಊರು ಉಳಿಯಿತು. ತಂಪರಾಯ ಈಗಲೂ ಬೆವರುವುದಿಲ್ಲ. ಹುಣ್ಣಿಮೆ ಬಂತೆಂದರೆ ಅತ್ತಿಗೆಯ ಮುಂದೆ ಹೋಗಿ ನಿಂತು, "ಸ್ವಲ್ಪ ಬೈಯಿರಿ ಅತ್ತಿಗೆ," ಅಂತಾನೆ. ಅವಳು ಮೊದಲು ಎರಡು ಲೋಟ ನೀರು ಕುಡಿಸಿ, ಆಮೇಲೆ ಬೈತಾಳೆ.

ನೀತಿ ಬೇಕೇ ಬೇಕಾ ನಿಮಗೆ? ತಗೊಳ್ಳಿ. ಅತಿಗೆಂಪು ಕಂಬಳಿಯನ್ನು ಒತ್ತಿಲ್ಲದೆ ಹೊದೆಯಬೇಡಿ. ಆ ಒಂದು ತ ಪಕ್ಕದಲ್ಲಿ ಕೂತು ಪುರಿ ಕೇರುತ್ತಿರಲಿ. ಕತೆಯ ಜಿಪ್ಪು ಬಿಚ್ಚಿದ್ದೇನೆ, ನಿಧಾನಕ್ಕೆ ಏಳಿ, ನೀರು ಕುಡಿದು ಮನೆಗೆ ಹೋಗಿ.