ಮೊದಲು ಸ್ಯಾಂಪಲ್

ಟಿವಿಯವರು ನಡೆಸುವ ಹೆಣ್ಣು ನೋಡುವ ಕಾರ್ಯಕ್ರಮಕ್ಕೆ ನೀಲವೇಣಿ ಬಂದಿದ್ದೇ ಅಪ್ಪನ ಬಲವಂತಕ್ಕೆ. ಊರಿನ ಹಾಲಿನ ಡೇರಿಯಲ್ಲಿ ಒಂಬತ್ತು ವರ್ಷದಿಂದ ಹಾಲು ಪರೀಕ್ಷಿಸುವ ಕೆಲಸ ಅವಳದು. ಸ್ಯಾಂಪಲ್ ನೋಡದೆ ಯಾರ ಹಾಲನ್ನೂ ಕ್ಯಾನಿಗೆ ಸುರಿಯಲು ಬಿಟ್ಟವಳಲ್ಲ.

ಹುಡುಗನ ತಾಯಿ ರುಕ್ಮಮ್ಮ ಮೈಕು ಹಿಡಿದು ಹೇಳಿದರು: "ಹುಡುಗಿ ಒಪ್ಪಿಗೆ. ಆದರೆ ಕೆಲಸ ಬಿಡಬೇಕು. ಮನೇಲಿ ರಾಣಿ ಹಾಗೆ ಕೂತಿರಲಿ."

ಎದುರು ಸಾಲಿನಲ್ಲಿದ್ದ ಅಪ್ಪ, ಒಪ್ಪಿಕೋ ಎಂದು ಕಣ್ಣಲ್ಲೇ ಬೇಡಿದರು. ಬೆಳಗಿನ ಐದಕ್ಕೆ ಡೇರಿಯ ಬಾಗಿಲು ತೆಗೆಯದ ಒಂದು ದಿನವನ್ನು ನೀಲವೇಣಿ ಊಹಿಸಲು ನೋಡಿದಳು. ಆಗಲಿಲ್ಲ.

"ಆಗಲಿ ಅಮ್ಮಾ," ಎಂದಳು. "ಆದರೆ ನಮ್ಮ ಡೇರಿ ಪದ್ಧತಿ, ಮೊದಲು ಸ್ಯಾಂಪಲ್ ನೋಡಬೇಕು. ನಿಮ್ಮ ಮಗ ಕೆಲಸ ಬಿಟ್ಟು ಆರು ತಿಂಗಳು ರಾಜನ ಹಾಗೆ ಮನೇಲಿ ಕೂತಿರಲಿ. ಅವರಿಗೆ ಸುಖ ಅನ್ನಿಸಿದರೆ ನಾನೂ ಬಿಡ್ತೀನಿ."

ಹುಡುಗ ಬೆವರು ಒರೆಸಿಕೊಂಡ. ರುಕ್ಮಮ್ಮನಿಗೆ ರೇಗಿತು. "ಏನಮ್ಮಾ, ಕೆಲಸ ಬಿಟ್ಟು ಕೂತವರಿಗೆ ಮನೇಲಿ ಯಾರು ಬೆಲೆ ಕೊಡ್ತಾರೆ?"

"ನನ್ನ ಭಯಾನೂ ಅದೇ ಅಮ್ಮಾ."

ನಿರೂಪಕಿ ಜಾಹೀರಾತಿಗೆ ಹೋಗುವುದನ್ನೇ ಮರೆತಳು. ರುಕ್ಮಮ್ಮನ ಕೈಯ ಮೈಕು ನಿಧಾನವಾಗಿ ಮಡಿಲಿಗಿಳಿಯಿತು.

ಆಗ ಅಪ್ಪ ಎದ್ದು ಹೆಗಲ ಟವೆಲ್ ಕೊಡವಿಕೊಂಡರು. "ಏಳಮ್ಮಾ, ಹೊರಡೋಣ. ಸಂಜೆ ಹಾಲಿಗೆ ಹೊತ್ತಾಗುತ್ತೆ."