ಬೋರಲು ಹಾಕಿದ ತಟ್ಟೆಗಳು

ನೀಲಾಂಬೆಗೆ ಸುಳ್ಳು ಅಂದರೆ ಮೈಯೆಲ್ಲ ಉರಿ. ಅಂಥವಳು ಶಿಷ್ಯೆಯಾಗಿ ಆಶ್ರಮ ಸೇರಿ ಮೂರು ತಿಂಗಳಾಗಿತ್ತು. ಗುರುಗಳಾದ ದೊಡ್ಡಕ್ಕನ ಒಂದು ಮಾತೂ ಇನ್ನೂ ಅವಳ ತಲೆಗೆ ಹತ್ತಿರಲಿಲ್ಲ.

ಆಶ್ರಮ ಅಂದರೆ ಏನು ಮಹಾ! ಹೊಳೆದಂಡೆಯಲ್ಲಿ ಉದ್ದನೆಯ ಒಂದು ಹೆಂಚಿನ ಮನೆ, ಮುಂದೆ ಒಂದು ಬೇವಿನ ಮರ. ಗಂಡನ ಕೈಯಲ್ಲಿ ಏಟು ತಿಂದ ಹೆಂಗಸರು ದೋಣಿ ಹತ್ತಿ ಅಲ್ಲಿಗೆ ಬರುತ್ತಿದ್ದರು. ಅವರಿಗೆ ಅನ್ನ, ಔಷಧಿ, ಕೋರ್ಟಿಗೆ ಜೊತೆಯಾಗಿ ಹೋಗಲು ಒಬ್ಬ ವಕೀಲೆ, ಎಲ್ಲವೂ ಸರ್ಕಾರದ ಅನುದಾನದಿಂದ. ಅದು ನಿಂತರೆ ಮನೆಗೆ ಬೀಗವೇ ಗತಿ.

ಅನುದಾನ ಮುಂದುವರಿಸಬೇಕೋ ಬೇಡವೋ ಅಂತ ನೋಡಲು ಆ ದಿನ ಅಧಿಕಾರಿಗಳು ಬರುವವರಿದ್ದರು.

ಬೆಳಿಗ್ಗೆ ದೊಡ್ಡಕ್ಕ ಬಾವಿಕಟ್ಟೆಯ ಹತ್ತಿರ ಕೂತು ತಟ್ಟೆ ತೊಳೆಯುತ್ತಿದ್ದರು. ಒಟ್ಟು ಹನ್ನೆರಡು. ಪ್ರತಿ ತಟ್ಟೆಯ ಹಿಂದೆ ಮೊಳೆಯಲ್ಲಿ ಗೀಚಿದ ಒಂದೊಂದು ಗುರುತು. ಒಂದರಲ್ಲಿ ಮೀನು, ಒಂದರಲ್ಲಿ ಗಿಳಿ, ಇನ್ನೊಂದರಲ್ಲಿ ಬಾಚಣಿಗೆ. ಬಂದವಳ ಹೆಸರು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಒಂದು ತಟ್ಟೆ, ಗುರುತು ಗೀಚಿಕೊಳ್ಳಲು ಒಂದು ಮೊಳೆ ಕೊಡುತ್ತಿದ್ದರು, ಅಷ್ಟೇ.

"ಅಕ್ಕಾ, ಮನೇಲಿರೋದು ನಾಲ್ಕು ಜನ. ಉಳಿದ ಎಂಟು ತಟ್ಟೆ ದಿನಾ ಯಾಕೆ ತೊಳೀತೀರಿ?"

"ಧೂಳು ಕೂರುತ್ತಲ್ಲ."

"ಅವರೆಲ್ಲ ಗಂಡಂದಿರ ಜೊತೆ ವಾಪಸ್ ಹೋದರಲ್ಲ, ಅಕ್ಕಾ!"

"ಹೌದು, ಹೋದರು. ಒರೆಸು."

ನೀಲಾಂಬೆ ಒರೆಸಿದಳು. ಒರೆಸಿ ಒರೆಸಿ ಕೈ ಸೋತಿತೇ ಹೊರತು ಅರ್ಥ ಮಾತ್ರ ಆಗಲಿಲ್ಲ. ಊಟಕ್ಕೆ ಹಾಕುವಾಗ ಇದ್ದವರ ತಟ್ಟೆ ಅಂಗಾತ, ಹೋದವರ ತಟ್ಟೆ ಅದೇ ಸಾಲಿನಲ್ಲಿ ಬೋರಲು. ಇದೆಂಥ ಹುಚ್ಚು, ಶಿವನೇ!

ಬಿಸಿಲೇರುವ ಹೊತ್ತಿಗೆ ಅಧಿಕಾರಿ ಷಡಕ್ಷರಯ್ಯ ಬಂದರು. ಕೆಟ್ಟ ಮನುಷ್ಯರೇನಲ್ಲ. ಕೊಟ್ಟ ಮಜ್ಜಿಗೆ ಕುಡಿದು, ಬೆವರು ಒರೆಸಿಕೊಂಡು, ಫಾರಂ ಬಿಡಿಸಿದರು.

"ಎಷ್ಟು ಜನ ಇದ್ದಾರಮ್ಮಾ?"

"ಹನ್ನೆರಡು," ಅಂದರು ದೊಡ್ಡಕ್ಕ.

ಗುರುಗಳ ಬಾಯಲ್ಲಿ ಸುಳ್ಳೇ? ಅದೂ ಅನುದಾನದ ಆಸೆಗೆ? ತಡೆಯಲಾಗಲಿಲ್ಲ ನೀಲಾಂಬೆಗೆ.

"ನಾಲ್ಕು, ಸಾರ್. ನಾಲ್ಕೇ ಜನ. ಉಳಿದವರು ಗಂಡನ ಮನೆಗೆ ಹೋದರು."

"ಒಳ್ಳೇದಾಯ್ತಲ್ಲ! ಸಂಸಾರ ಸರಿಹೋಯ್ತು ಅಂತಾಯ್ತು." ಷಡಕ್ಷರಯ್ಯ ಖುಷಿಯಿಂದಲೇ ಬರೆದುಕೊಂಡರು. "ನಾಲ್ಕು ಜನಕ್ಕೆ ಇಷ್ಟು ದೊಡ್ಡ ಅನುದಾನ ಯಾಕಮ್ಮಾ? ಬೇರೆ ಕಡೆ ಉಪಯೋಗಕ್ಕೆ ಬರುತ್ತೆ. ಊಟದ ಸಾಲಿಂದು ಒಂದು ಫೋಟೊ ಬೇಕು, ತಟ್ಟೆ ಮಾತ್ರ, ಯಾರ ಮುಖಾನೂ ಬೇಡ. ಆ ಬೋರಲು ಹಾಕಿರೋ ತಟ್ಟೆ ತೆಗೆದಿಡಿ, ಮೇಲಿನವರು ನೋಡಿದರೆ ನನ್ನನ್ನ ಬಯ್ತಾರೆ."

ನೀಲಾಂಬೆ ಎಂಟು ತಟ್ಟೆಗಳನ್ನೂ ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ದೊಡ್ಡಕ್ಕ ಬಯ್ಯುತ್ತಾರೆ ಅಂತ ಕಾದಳು.

"ತೆಗೆದವಳು ನೀನು. ಎಲ್ಲಿಟ್ಟೆ ಅನ್ನೋದು ನೆನಪಿರಲಿ," ಅಂದರು ದೊಡ್ಡಕ್ಕ. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಗಲಿಬಿಲಿಯಾಯಿತು. ತಾನು ಹೇಳಿದ್ದು ನಿಜವೇ ತಾನೆ?

ಫೋಟೊ ಆಯಿತು. ನಾಲ್ವರು ಉಣ್ಣಲು ಕೂತರು. ಆಗ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ತುಟಿ ಒಡೆದು ಊದಿತ್ತು. ಸೆರಗನ್ನು ಅದರ ಮೇಲೆ ಎಳೆದುಕೊಂಡು, ಊಟದ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಮತ್ತೊಮ್ಮೆ ನೋಡಿದಳು.

"ಯಾರಮ್ಮಾ? ಒಳಗೆ ಬಾ," ಅಂದಳು ನೀಲಾಂಬೆ.

"ಏನಿಲ್ಲ ತಾಯಿ. ಈ ಕಡೆ ಬಂದಿದ್ದೆ, ಒಂದು ಲೋಟ ನೀರು ಕುಡಿದು ಹೋಗೋಣ ಅಂತ."

ನೀರು ಕುಡಿದಳು. ಲೋಟ ತೊಳೆದಿಟ್ಟಳು. ಹೊರಟೇಬಿಟ್ಟಳು.

ಅಡುಗೆಮನೆಯಿಂದ ಸಾರಿನ ಪಾತ್ರೆ ಹಿಡಿದು ಬಂದ ದೊಡ್ಡಕ್ಕ ಅವಳ ಬೆನ್ನು ನೋಡಿದರು. ಪಾತ್ರೆ ಅಲ್ಲೇ ಕುಕ್ಕಿದರು.

"ನೀಲಾ, ಬಾಚಣಿಗೆ ತಟ್ಟೆ ತಗೊಂಡು ಓಡು!"

ಯಾಕೆ ಏನು ಅಂತ ಕೇಳಲು ಹೊತ್ತೆಲ್ಲಿ? ಪೆಟ್ಟಿಗೆ ತಡಕಾಡಿ ತಟ್ಟೆ ಹಿಡಿದು ನೀಲಾಂಬೆ ಓಡಿದಳು. ಹೊಳೆ ಮುಟ್ಟಿದಾಗ ಆ ಹೆಂಗಸು ದೋಣಿಯಲ್ಲಿ ಕೂತಿದ್ದಳು. ಅಂಬಿಗ ಹಗ್ಗ ಬಿಚ್ಚುತ್ತಿದ್ದ. ನೀಲಾಂಬೆ ತಟ್ಟೆಯ ಬೆನ್ನು ತಿರುಗಿಸಿ ಎತ್ತಿ ಹಿಡಿದಳು.

ಆ ಹೆಂಗಸು ಬಾಚಣಿಗೆಯನ್ನು ನೋಡಿದಳು. ದೋಣಿಯಲ್ಲೇ ಗೊಳೋ ಅಂತ ಅತ್ತುಬಿಟ್ಟಳು.

"ಎರಡು ಸಲ ಬಂದು ಎರಡು ಸಲಾನೂ ಅವನ ಹಿಂದೆ ಹೋದವಳು ನಾನು. ತಟ್ಟೆ ಕಾಣಲಿಲ್ಲ. ಇನ್ನು ಇಲ್ಲಿ ನನಗೆ ಜಾಗವಿಲ್ಲ ಅಂದುಕೊಂಡೆ, ತಾಯಿ."

ನೀಲಾಂಬೆ ನೀರಿಗಿಳಿದಳು. ಅವಳ ಕೈ ಹಿಡಿದು ಇಳಿಸಿಕೊಂಡು ಬಂದಳು, ಊಟಕ್ಕೆ ಕೂರಿಸಿದಳು.

ಷಡಕ್ಷರಯ್ಯ ಆ ಒಡೆದ ತುಟಿಯನ್ನು ನೋಡಿ ಮುಖ ತಗ್ಗಿಸಿದರು. ಆದರೂ ಫಾರಂ ಫಾರಮ್ಮೇ ತಾನೆ. ಪೆನ್ನಿನ ಮುಚ್ಚಳ ತೆಗೆದರು.

"ಹಾಗಾದರೆ ಐದು ಅಂತ ತಿದ್ದಲೇನಮ್ಮಾ?" ಅಂತ ನೀಲಾಂಬೆಯನ್ನೇ ಕೇಳಿದರು.

ನೀಲಾಂಬೆ ಬಾಯಿ ತೆರೆದಳು. ಬೆಳಿಗ್ಗೆ ನಾಲ್ಕು ನಿಜವಾಗಿತ್ತು. ಈಗ ಐದು ನಿಜ. ಹಾಗಾದರೆ ಅಕ್ಕ ಹೇಳಿದ ಹನ್ನೆರಡು? ಅದನ್ನು ಸುಳ್ಳು ಅನ್ನಲು ನಾಲಿಗೆ ಏಳಲಿಲ್ಲ, ನಿಜ ಅನ್ನಲು ಧೈರ್ಯ ಬರಲಿಲ್ಲ. ಪೆಟ್ಟಿಗೆಯನ್ನು ದರದರ ಎಳೆದು ತಂದು, ಉಳಿದ ಏಳು ತಟ್ಟೆಗಳನ್ನು ಒಂದೊಂದಾಗಿ ಸಾಲಿನಲ್ಲಿ ಬೋರಲು ಹಾಕಿದಳು.

"ಇದೇನಮ್ಮಾ ಇದು? ನಾನು ಎಷ್ಟು ಅಂತ ಬರೀಲಿ?" ಅಂದರು ಷಡಕ್ಷರಯ್ಯ.

ದೊಡ್ಡಕ್ಕ ಅವರ ಕೈಗೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು ಹೇಳಿದರು:

"ಇವರಲ್ಲಿ ಯಾರು ಮತ್ತೆ ಬರೋದಿಲ್ಲ ಅಂತ ನಿಮಗೆ ಖಾತ್ರಿ ಇದೆಯೋ, ಅವಳ ತಟ್ಟೆ ನೀವೇ ಎತ್ತಿಕೊಂಡು ಹೋಗಿ ಸ್ವಾಮಿ."